ಹಾರುವ ಕಣ್ಣಿಗೆ ಹೃದಯವಿದೆಯೇ?

2023ರ ಆಗಸ್ಟ್ 20, ಭಾನುವಾರ. ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲವೊಂದರಲ್ಲಿ ಆಕಾಶದಿಂದ ವಿಮಾನವೊಂದು ಬಿದ್ದಿತು. ಸುತ್ತಲಿನ ಜನರು ಓಡಿ ಬಂದರು. ನುಚ್ಚುನೂರಾದ ರೆಕ್ಕೆಗಳಿದ್ದವು, ತಂತಿಗಳಿದ್ದವು, ಯಂತ್ರದ ಭಾಗಗಳು ಚೆಲ್ಲಾಪಿಲ್ಲಿಯಾಗಿದ್ದವು. ಆದರೆ ಒಳಗೆ ಮನುಷ್ಯನೇ ಇರಲಿಲ್ಲ. ಅದು ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓ ಪರೀಕ್ಷೆಗಾಗಿ ಹಾರಿಸಿದ್ದ 'ತಪಸ್' ಎಂಬ ಪೈಲಟ್‌ರಹಿತ ವಿಮಾನ. ಅಲ್ಲಾಹನ ಕೃಪೆಯಿಂದ ಯಾರಿಗೂ ಅಪಾಯವಾಗಲಿಲ್ಲ. ಅದಕ್ಕೂ ಮೊದಲು 2019ರ ಸೆಪ್ಟೆಂಬರ್ 17ರಂದು ನಮ್ಮ ಜಿಲ್ಲೆಯದೇ ಆದ ಜೋಡಿಚಿಕ್ಕೇನಹಳ್ಳಿ ಬಳಿ ಇಂಥದೇ ವಿಮಾನ ಬಿದ್ದಿತ್ತು. ಅಲ್ಲೂ ಜೀವಹಾನಿಯಾಗಲಿಲ್ಲ.

ಆ ಎರಡೂ ದಿನಗಳಲ್ಲಿ ನಮ್ಮ ಊರುಗಳ ಹೆಂಗಸರು ಕೇಳಿದ ಪ್ರಶ್ನೆ ಒಂದೇ. "ಒಳಗೆ ಯಾರೂ ಇಲ್ಲದೆ ಅದು ಹೇಗೆ ಹಾರುತ್ತದೆ?" ಈ ಪ್ರಶ್ನೆ ಸಣ್ಣದಲ್ಲ. ಇಂದು ಜಗತ್ತಿನ ಯುದ್ಧಗಳೆಲ್ಲ ಇದೇ ಪ್ರಶ್ನೆಯ ಸುತ್ತ ನಡೆಯುತ್ತಿವೆ. ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನೊಳಗೂ ಆ ಯುದ್ಧ ಬಂದು ಕುಳಿತಿದೆ. ಆದ್ದರಿಂದ ಈ ತಿಂಗಳು ಡ್ರೋನ್‌ಗಳ ಬಗ್ಗೆ, ಅದರಲ್ಲೂ 'ಎಫ್‌ಪಿವಿ' ಎಂಬ ಪುಟ್ಟ ಡ್ರೋನ್‌ಗಳ ಬಗ್ಗೆ ಒಂದಿಷ್ಟು ತಿಳಿದುಕೊಳ್ಳೋಣ.

ಎತ್ತಿನಿಂದ ಡ್ರೋನ್‌ವರೆಗೆ

ಚಿತ್ರದುರ್ಗ ಜಿಲ್ಲೆಗೂ ಯುದ್ಧಕ್ಕೂ ಹಳೆಯ ನಂಟು. ಕೋಟೆ ನೋಡಲು ಹೋದವರೆಲ್ಲ ಓಬವ್ವನ ಕಿಂಡಿಯನ್ನು ನೋಡಿಯೇ ಬರುತ್ತಾರೆ. ಹೈದರಾಲಿಯ ಸೈನಿಕರು ಆ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳುತ್ತಿದ್ದಾಗ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತ ಕಥೆ ಇಲ್ಲಿನ ಎಲ್ಲ ಜಾತಿ ಮತಗಳ ಮಕ್ಕಳಿಗೂ ಬಾಯಿಪಾಠ. ಆ ಕಾಲದ ಕಾಳಗದಲ್ಲಿ ಹೊಡೆಯುವವರಿಗೂ ಹೊಡೆಸಿಕೊಳ್ಳುವವರಿಗೂ ನಡುವೆ ಒಂದು ಒನಕೆಯ ಉದ್ದದಷ್ಟೇ ಅಂತರ. ಹೊಡೆದವಳಿಗೂ ಸಾವು ಅಷ್ಟೇ ಹತ್ತಿರ.

ಇನ್ನು ಜಿಲ್ಲೆಯ ಅಮೃತ ಮಹಲ್ ಕಾವಲುಗಳು. ಮೈಸೂರು ಅರಸರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ ಅಮೃತ ಮಹಲ್ ಎಂಬ ಹೆಸರಿಟ್ಟರು. ಅಲ್ಲಿ ಸಾಕಿದ ಎತ್ತುಗಳು ಹಾಲಿನ ವಂಶದವು ಮಾತ್ರವಲ್ಲ, ಸೈನ್ಯದ ಫಿರಂಗಿಗಳನ್ನೂ ದವಸವನ್ನೂ ಎಳೆಯುವ ಎತ್ತುಗಳು. ಆ ಎತ್ತುಗಳ ವೇಗವೇ ಹೈದರ್ ಮತ್ತು ಟಿಪ್ಪು ಅವರ ಸೈನ್ಯದ ವೇಗ. 1799ರ ನಂತರ ಬ್ರಿಟಿಷರು ಕೂಡ ಈ ತಳಿಯನ್ನು ಬಿಡದೆ ಉಳಿಸಿಕೊಂಡದ್ದು ಅದೇ ಕಾರಣಕ್ಕೆ. ಅಂದರೆ ನಮ್ಮ ಬಯಲಿನ ಹುಲ್ಲು ಆಗಲೂ ಯುದ್ಧದ ಉಪಯೋಗಕ್ಕೆ ಬೆಳೆಯುತ್ತಿತ್ತು.

ಈಗ ಅದೇ ಚಳ್ಳಕೆರೆ ತಾಲ್ಲೂಕಿನ ಕಾವಲಿನಲ್ಲಿ ಡಿಆರ್‌ಡಿಓಗೆ 4,290 ಎಕರೆ ಕೊಡಲಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣು ಸಂಶೋಧನಾ ಕೇಂದ್ರ, ಇಸ್ರೋಗಳಿಗೂ ಅಲ್ಲಿ ಜಮೀನು ಸಿಕ್ಕಿದೆ. ಕುರಿ ದನ ಮೇಯಿಸುವವರು, ಕಂಬಳಿ ನೇಯುವವರು ತಮ್ಮ ಮೇವಿನ ನೆಲ ಹೋಯಿತೆಂದು ಹೋರಾಡಿದರು. ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2016ರ ನವೆಂಬರ್‌ನಲ್ಲಿ 'ರುಸ್ತುಂ-2', ಅಂದರೆ ಇದೇ ತಪಸ್, ಮೊದಲ ಬಾರಿಗೆ ಇಲ್ಲಿಂದ ಹಾರಿತು. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿ ಈ ವೈಮಾನಿಕ ಪರೀಕ್ಷಾ ಕೇಂದ್ರವನ್ನು ಉದ್ಘಾಟಿಸಿದರು. 2022ರ ಜುಲೈ 1ರಂದು ಬಾಲವಿಲ್ಲದ, ರೆಕ್ಕೆ ಮಾತ್ರವೇ ಇರುವ ಇನ್ನೊಂದು ಪೈಲಟ್‌ರಹಿತ ವಿಮಾನವೂ ಇಲ್ಲಿಂದ ಹಾರಿತು. ಹಾಗಾಗಿ ಡ್ರೋನ್ ಎಂಬುದು ನಮಗೆ ದೂರದ ದೇಶದ ಸುದ್ದಿಯಲ್ಲ. ಅದು ನಮ್ಮ ನೆರೆಮನೆಯದು.

ಎಫ್‌ಪಿವಿ ಎಂದರೇನು?

ತಪಸ್ ದೊಡ್ಡ ವಿಮಾನ. ಅದರ ರೆಕ್ಕೆಗಳ ಅಗಲ 20 ಮೀಟರಿಗೂ ಹೆಚ್ಚು. ಅದಕ್ಕೆ ರನ್‌ವೇ ಬೇಕು, ನೆಲದ ಮೇಲೆ ಕುಳಿತು ನಡೆಸುವ ತಂಡ ಬೇಕು, ಕೋಟ್ಯಂತರ ರೂಪಾಯಿ ಬೇಕು. ಹೆಚ್ಚು ಎತ್ತರದಲ್ಲಿ ಗಂಟೆಗಟ್ಟಲೆ ಸುತ್ತುತ್ತಾ ಕೆಳಗಿನದನ್ನು ನೋಡುವುದೇ ಅದರ ಕೆಲಸ.

ಎಫ್‌ಪಿವಿ ಡ್ರೋನ್ ಇದಕ್ಕೆ ತದ್ವಿರುದ್ಧ. ದೊಡ್ಡ ತಟ್ಟೆಯಷ್ಟು ಅಗಲದ ಒಂದು ಚೌಕಟ್ಟು. ನಾಲ್ಕು ಮೂಲೆಗಳಲ್ಲಿ ನಾಲ್ಕು ಮೋಟಾರು, ಅವುಗಳಿಗೆ ನಾಲ್ಕು ಪುಟ್ಟ ಫ್ಯಾನು. ನಡುವೆ ಒಂದು ಬ್ಯಾಟರಿ. ಮುಂದೆ ಒಂದು ಸಣ್ಣ ಕ್ಯಾಮೆರಾ. ಆ ಕ್ಯಾಮೆರಾ ಕಂಡದ್ದೆಲ್ಲ ರೇಡಿಯೋ ಅಲೆಗಳ ಮೂಲಕ ಹಾರಿಸುವವನ ಕಣ್ಣಿಗೆ ಬರುತ್ತದೆ. ಅವನು ಕಣ್ಣಿಗೆ ಕನ್ನಡಕದಂತಹ ಒಂದು ಪೆಟ್ಟಿಗೆ ಕಟ್ಟಿಕೊಂಡಿರುತ್ತಾನೆ. ಅದರೊಳಗೆ ಎರಡು ಪುಟ್ಟ ಪರದೆಗಳು. ಹಾಗಾಗಿ ತಾನೇ ಡ್ರೋನ್‌ನೊಳಗೆ ಕುಳಿತು ಹಾರುತ್ತಿರುವಂತೆ ಅವನಿಗೆ ತೋರುತ್ತದೆ. 'ಫಸ್ಟ್ ಪರ್ಸನ್ ವ್ಯೂ' ಎಂಬ ಹೆಸರು ಬಂದದ್ದು ಇದರಿಂದಲೇ. ಕನ್ನಡದಲ್ಲಿ ಹೇಳಬೇಕೆಂದರೆ 'ಹಾರಿಸುವವನ ಸ್ವಂತ ಕಣ್ಣಿನ ನೋಟ'.

ಇದು ಹುಟ್ಟಿದ್ದು ಯುದ್ಧಕ್ಕಲ್ಲ, ಆಟಕ್ಕೆ. ವಿದೇಶಗಳಲ್ಲಿ ಯುವಕರು ಇಂತಹ ಡ್ರೋನ್‌ಗಳನ್ನು ಮನೆಯಲ್ಲೇ ಜೋಡಿಸಿ, ಕಂಬ ಕಮಾನುಗಳ ನಡುವೆ ನುಗ್ಗಿಸಿ ಪಂದ್ಯ ಆಡುತ್ತಿದ್ದರು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಯುದ್ಧ ಆರಂಭಿಸಿದ ಮೇಲೆ ಆ ಆಟದ ಸಾಮಾನಿಗೆ ಸ್ಫೋಟಕ ಕಟ್ಟಲಾಯಿತು. ಟ್ಯಾಂಕನ್ನು ಒಡೆಯುವ ಸಿಡಿತಲೆಯನ್ನು ಡ್ರೋನ್‌ನ ಹೊಟ್ಟೆಗೆ ಬಿಗಿದು, ಅದನ್ನು ಗುರಿಯ ಮೇಲೆಯೇ ನುಗ್ಗಿಸಿ ಸಿಡಿಸುತ್ತಾರೆ. ಡ್ರೋನ್ ಕೂಡ ಅದರ ಜೊತೆಗೇ ನಾಶವಾಗುತ್ತದೆ. ಮರಳಿ ಬರುವ ಪ್ರಶ್ನೆಯೇ ಇಲ್ಲ.

ಇದರ ಬೆಲೆ ಸುಮಾರು 400ರಿಂದ 500 ಡಾಲರ್. ನಮ್ಮ ಲೆಕ್ಕದಲ್ಲಿ ಒಂದು ಒಳ್ಳೆಯ ಮೊಬೈಲ್ ಫೋನಿನ ಬೆಲೆ. ಅದು ಒಡೆಯುವ ಟ್ಯಾಂಕಿನ ಬೆಲೆ ಹತ್ತಾರು ಕೋಟಿ ರೂಪಾಯಿ. ಸೇನಾಧಿಕಾರಿಗಳೆಲ್ಲ ಈ ಡ್ರೋನಿನ ಹಿಂದೆ ಬಿದ್ದಿರುವುದು ಯಾಕೆಂದು ಈ ಒಂದು ಲೆಕ್ಕದಿಂದಲೇ ತಿಳಿಯುತ್ತದೆ. 2024ರ ಒಂದೇ ವರ್ಷದಲ್ಲಿ 10 ಲಕ್ಷ ಡ್ರೋನ್ ತಯಾರಿಸುತ್ತೇವೆಂದು ಉಕ್ರೇನಿನ ಅಧ್ಯಕ್ಷ ಝೆಲೆನ್‌ಸ್ಕಿ 2023ರ ಡಿಸೆಂಬರ್‌ನಲ್ಲೇ ಘೋಷಿಸಿದ್ದರು.

ತಡೆಯುವುದು ಹೇಗೆ? ಡ್ರೋನ್ ಮತ್ತು ಹಾರಿಸುವವನ ನಡುವಿನ ರೇಡಿಯೋ ಅಲೆಯನ್ನು ಇನ್ನೊಂದು ಬಲವಾದ ಅಲೆಯಿಂದ ಕೆಡಿಸಿದರೆ ಅವನ ಕಣ್ಣು ಕುರುಡಾಗುತ್ತದೆ. ಇದಕ್ಕೆ ಜಾಮಿಂಗ್ ಎನ್ನುತ್ತಾರೆ. ಅದಕ್ಕೆ ಉತ್ತರವಾಗಿ 2024ರಿಂದ ಇನ್ನೊಂದು ಬಗೆಯ ಡ್ರೋನ್ ಬಂದಿದೆ. ದಾರದುಂಡೆಯಿಂದ ಗಾಳಿಪಟದ ದಾರ ಬಿಚ್ಚಿಕೊಳ್ಳುವಂತೆ ಅದು ಹಾರುತ್ತಾ ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತಿಯನ್ನು ಬಿಡುತ್ತಾ ಹೋಗುತ್ತದೆ. ನಮ್ಮ ಮನೆಗಳಿಗೆ ಇಂಟರ್ನೆಟ್ ತರುವ ಫೈಬರ್ ಕೇಬಲ್‌ನ ಒಳಗಿರುವುದೂ ಅಂಥದೇ ತಂತಿ. ಹತ್ತು ಹದಿನೈದು ಕಿಲೋಮೀಟರ್ ದೂರದವರೆಗೆ ಅದರಲ್ಲೇ ಚಿತ್ರ ಬರುತ್ತದೆ. ರೇಡಿಯೋ ಇಲ್ಲವಾದ್ದರಿಂದ ಕೆಡಿಸುವುದಕ್ಕೂ ಆಗುವುದಿಲ್ಲ.

2025ರ ಜೂನ್ 1ರಂದು ಉಕ್ರೇನ್ ಇನ್ನೊಂದು ತಂತ್ರ ತೋರಿಸಿತು. ಲಾರಿಗಳ ಮೇಲೆ ಮರದ ಪುಟ್ಟ ಮನೆಗಳನ್ನಿಟ್ಟು, ಅವುಗಳ ಚಾವಣಿಯೊಳಗೆ ಡ್ರೋನ್‌ಗಳನ್ನು ಅಡಗಿಸಿ ರಷ್ಯಾದ ಒಳನಾಡಿಗೆ ಸಾಗಿಸಿತು. ಅಲ್ಲಿಂದ 117 ಡ್ರೋನ್‌ಗಳು ಎದ್ದು ವಾಯುನೆಲೆಗಳಲ್ಲಿ ನಿಂತಿದ್ದ ಬಾಂಬರ್ ವಿಮಾನಗಳ ಮೇಲೆ ಎರಗಿದವು ಎಂದು ಅದು ಹೇಳಿಕೊಂಡಿತು. ಗಡಿಯಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿದ್ದೇವೆ, ನಮಗೇನೂ ಆಗದು ಎಂಬ ನಂಬಿಕೆ ಅಂದಿಗೆ ಮುಗಿಯಿತು.

ನಮ್ಮ ದೇಶವೂ ಸುಮ್ಮನಿಲ್ಲ. ಪಠಾಣ್‌ಕೋಟ್ ಭಾಗದ ಭಾರತೀಯ ಸೇನೆಯ ಬ್ರಿಗೇಡೊಂದು ಚಂಡೀಗಢದ ಡಿಆರ್‌ಡಿಓ ಪ್ರಯೋಗಾಲಯದ ಜೊತೆ ಸೇರಿ ಟ್ಯಾಂಕ್ ಒಡೆಯುವ ಎಫ್‌ಪಿವಿ ಡ್ರೋನ್ ತಯಾರಿಸಿದ್ದು 2025ರ ಮಾರ್ಚ್‌ನಲ್ಲಿ ಸುದ್ದಿಯಾಯಿತು. ಒಂದರ ಖರ್ಚು ಸುಮಾರು 1 ಲಕ್ಷ 40 ಸಾವಿರ ರೂಪಾಯಿ. ಮರು ತಿಂಗಳೇ, ನಮ್ಮ ಪಕ್ಕದ ಆಂಧ್ರದ ಕರ್ನೂಲಿನಲ್ಲಿ ಡ್ರೋನ್‌ಗಳನ್ನು ಲೇಸರ್ ಕಿರಣದಿಂದ ಸುಟ್ಟು ಬೀಳಿಸುವ ಯಂತ್ರದ ಪರೀಕ್ಷೆ ನಡೆಯಿತು. ಹಾವೂ ಇಲ್ಲೇ, ಮುಂಗುಸಿಯೂ ಇಲ್ಲೇ ಬೆಳೆಯುತ್ತಿದೆ.

ಸಾಯುವವರು ಯಾರು?

ಸಹೋದರಿಯರೇ, ಇಷ್ಟರವರೆಗೆ ಹೇಳಿದ್ದು ಯಂತ್ರದ ಕಥೆ. ಇನ್ನು ಮನುಷ್ಯರ ಕಥೆ.

ಉಕ್ರೇನಿನ ಖೆರ್ಸಾನ್ ಎಂಬ ನಗರ ನೀಪ್ರೋ ನದಿಯ ದಡದಲ್ಲಿದೆ. ನದಿಯ ಆಚೆ ರಷ್ಯಾದ ಸೈನ್ಯ. 2024ರ ಜುಲೈನಿಂದ ಆಚೆ ದಡದಿಂದ ಸಣ್ಣ ಡ್ರೋನ್‌ಗಳು ಬರತೊಡಗಿದವು. ಮಾರುಕಟ್ಟೆಗೆ ಹೊರಟವರು, ಸೈಕಲ್ ತುಳಿಯುವವರು, ಬಸ್ಸಿಗೆ ಕಾದವರು, ಗಾಯಾಳುಗಳನ್ನು ಒಯ್ಯುವ ಆಂಬುಲೆನ್ಸ್‌ಗಳು, ಇವುಗಳನ್ನು ಬೆನ್ನಟ್ಟಿ ಹೊಡೆಯಲಾಯಿತು. ವಿಶ್ವಸಂಸ್ಥೆಯ ಸ್ವತಂತ್ರ ತನಿಖಾ ಆಯೋಗ 2025ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಸುಮಾರು 150 ನಾಗರಿಕರು ಸತ್ತು, ನೂರಾರು ಮಂದಿ ಗಾಯಗೊಂಡಿದ್ದರು. ಇದು ಮಾನವತೆಯ ವಿರುದ್ಧದ ಅಪರಾಧ ಎಂದು ಆಯೋಗ ಹೇಳಿತು. ಯಾಕೆಂದರೆ ಇಲ್ಲಿ 'ಗೊತ್ತಾಗಲಿಲ್ಲ' ಎಂಬ ನೆಪವಿಲ್ಲ. ಹೊಡೆದವನು ತನ್ನ ಕನ್ನಡಕದೊಳಗೆ ಆ ವ್ಯಕ್ತಿಯನ್ನು ನೋಡುತ್ತಲೇ ಇದ್ದ.

ಈ ಪಾಪ ಒಂದು ದೇಶದ್ದೋ ಒಂದು ಧರ್ಮದವರದ್ದೋ ಅಲ್ಲ. 2016-17ರಲ್ಲಿ ಇರಾಕಿನ ಮೊಸುಲ್‌ನಲ್ಲಿ ಐಸಿಸ್ ಎಂಬ ಉಗ್ರರ ಗುಂಪು ಅಂಗಡಿಯಲ್ಲಿ ಸಿಗುವ ಡ್ರೋನ್‌ಗಳಿಂದಲೇ ಗ್ರೆನೇಡ್ ಉದುರಿಸಿತ್ತು. ಬಾಯಲ್ಲಿ ಇಸ್ಲಾಮಿನ ಹೆಸರು, ಕೆಲಸ ಇಸ್ಲಾಮಿಗೆ ವಿರುದ್ಧ. 2025ರ ಸೆಪ್ಟೆಂಬರ್ 19ರಂದು ಸುಡಾನಿನ ಅಲ್ ಫಾಶಿರ್ ನಗರದಲ್ಲಿ ಫಜ್ರ್ ನಮಾಝಿಗೆ ನಿಂತವರ ಮೇಲೆ ಡ್ರೋನ್ ದಾಳಿ ನಡೆದು 70ಕ್ಕೂ ಹೆಚ್ಚು ಮಂದಿ ಮಸೀದಿಯಲ್ಲೇ ಪ್ರಾಣಬಿಟ್ಟರು. ಅಂದು ಶುಕ್ರವಾರ. ಆ ಯುದ್ಧದಲ್ಲಿ ಎರಡೂ ಕಡೆಯವರು ಕಲಿಮಾ ಹೇಳುವವರೇ. ಗಾಝಾದ ಹೆಣ್ಣುಮಕ್ಕಳಿಗಂತೂ ತಲೆಯ ಮೇಲಿನ ಡ್ರೋನ್‌ನ ಗುಂಯ್‌ಗುಡುವಿಕೆ ವರ್ಷಗಳಿಂದ ಹಗಲು ರಾತ್ರಿಯ ಸಂಗಾತಿ.

ನಮ್ಮ ಗಡಿಯಲ್ಲಿ? 2025ರ ಮೇ 8 ಮತ್ತು 9ರ ನಡುವಿನ ರಾತ್ರಿ ಪಾಕಿಸ್ತಾನದಿಂದ 36 ಸ್ಥಳಗಳ ಮೇಲೆ 300ರಿಂದ 400 ಡ್ರೋನ್‌ಗಳು ಬಂದವೆಂದು ನಮ್ಮ ಸರಕಾರ ತಿಳಿಸಿತು. ಮರುರಾತ್ರಿ ಪಂಜಾಬಿನ ಫಿರೋಜ್‌ಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಮನೆಯ ಮೇಲೆ ಬೆಂಕಿ ಬಿದ್ದು ಒಂದೇ ಕುಟುಂಬದ ಮೂವರು ಸುಟ್ಟುಕೊಂಡರು. ಆ ಮನೆಯ ಹೆಂಗಸು ಕೆಲವು ದಿನಗಳ ಬಳಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಯಾವ ದೇಶ ಗೆದ್ದಿತು ಎಂಬುದನ್ನು ಟಿವಿಗಳು ಚರ್ಚಿಸಿದವು. ಆ ಮನೆಯ ಒಲೆಯ ಬಗ್ಗೆ ಚರ್ಚಿಸಿದವರು ಕಡಿಮೆ.

"ಆಪಾ, ಅದು ಆಟವಾ, ನಿಜವಾ?"

ಹೊಸದುರ್ಗದ ಕಡೆಯ ತಾಯಿಯೊಬ್ಬರು ಮಗಳನ್ನು ಪಾಠಕ್ಕೆ ಬಿಡಲು ಬಂದಾಗ ತಮ್ಮ ಮಗನ ವಿಷಯ ಹೇಳಿದರು. ಹುಡುಗನಿಗೆ ಹದಿನಾಲ್ಕು. "ಆಪಾ, ರಾತ್ರಿ ಮೊಬೈಲಲ್ಲಿ ಒಂದು ವಿಡಿಯೋ ನೋಡ್ತಿದ್ದ. ಮೇಲಿಂದ ಏನೋ ಇಳೀತಾ ಬರ್ತದೆ, ಕೆಳಗೆ ಒಬ್ಬ ಓಡ್ತಾನೆ, ಮರದ ಹಿಂದೆ ಬಚ್ಚಿಟ್ಕೊಳ್ತಾನೆ, ಕೈ ಮುಗೀತಾನೆ. ಆಮೇಲೆ ಪರದೆ ಪೂರ್ತಿ ಬೆಳ್ಳಗಾಗ್ತದೆ. ಹಿಂದೆ ಹಾಡು ಬೇರೆ. ನನ್ನ ಮಗ ನಗ್ತಿದ್ದ. ಅದು ಆಟವಾ, ನಿಜವಾ ನೀವೇ ಹೇಳಿ" ಎಂದರು.

ನಾನು ಹೇಳಿದೆ: "ಬೆಹನ್, ಅದು ನಿಜ. ಓಡಿದವನಿಗೂ ನಿಮ್ಮಂಥ ಒಬ್ಬ ತಾಯಿ ಇದ್ದಾಳೆ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಾಗಾದರೆ ಅವನಿಗೆ ನಗು ಹೇಗೆ ಬಂತು?"

ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

ಹುಡುಗನು ಕೆಟ್ಟವನಲ್ಲ. ಪರದೆ ಅವನಿಗೆ ಮೋಸ ಮಾಡಿದೆ. ಎಫ್‌ಪಿವಿ ಡ್ರೋನ್‌ನ ನೋಟಕ್ಕೂ ಮೊಬೈಲಿನ ಗುಂಡು ಹಾರಿಸುವ ಆಟದ ನೋಟಕ್ಕೂ ವ್ಯತ್ಯಾಸವೇ ಇಲ್ಲ. ಎರಡೂ 'ನನ್ನ ಕಣ್ಣಿನ' ನೋಟ. ಖೆರ್ಸಾನಿನ ದಾಳಿಗಳ ವಿಡಿಯೋಗಳನ್ನೂ ಹೊಡೆದವರ ಕಡೆಯವರು ಸಂಗೀತ ಸೇರಿಸಿ ಟೆಲಿಗ್ರಾಂನಲ್ಲಿ ಹಂಚಿದ್ದರು. ಕೊಲೆಯನ್ನು ತಮಾಷೆಯಾಗಿ ಕಟ್ಟಿಕೊಟ್ಟರೆ ನೋಡುವ ಎಳೆಯ ಮನಸ್ಸು ಅದನ್ನು ತಮಾಷೆಯೆಂದೇ ತೆಗೆದುಕೊಳ್ಳುತ್ತದೆ. ಒಂದು ನೋಡಿದರೆ ಅದೇ ಬಗೆಯ ಹತ್ತನ್ನು ಮೊಬೈಲೇ ತಂದು ಮುಂದಿಡುತ್ತದೆ.

ಹಿಂದಿನ ಕಾಲದ ಯೋಧ ಎದುರಾಳಿಯ ಮುಖವನ್ನು ನೋಡುತ್ತಿದ್ದ, ತಾನೂ ಅಪಾಯದಲ್ಲಿರುತ್ತಿದ್ದ. ಆಮೇಲೆ ಫಿರಂಗಿ, ಬಾಂಬರ್ ವಿಮಾನಗಳು ಬಂದವು. ಹೊಡೆಯುವವನಿಗೆ ಮುಖ ಕಾಣದಾಯಿತು. ಈಗಿನದು ಇವೆರಡಕ್ಕಿಂತ ವಿಚಿತ್ರ. ಮುಖ ಕಾಣುತ್ತದೆ, ಕಣ್ಣಿನ ಭಯವೂ ಕಾಣುತ್ತದೆ. ಆದರೆ ನೋಡುವವನು ಹತ್ತು ಕಿಲೋಮೀಟರ್ ದೂರದ ನೆಲಮಾಳಿಗೆಯಲ್ಲಿ ಕುಳಿತಿರುತ್ತಾನೆ. ಓಬವ್ವನ ಕಿಂಡಿಯಷ್ಟು ಹತ್ತಿರದ ನೋಟ, ಆದರೆ ಅಪಾಯ ಒಬ್ಬನಿಗೆ ಮಾತ್ರ.

ದೀನ್ ಏನು ಹೇಳುತ್ತದೆ?

ಇಸ್ಲಾಮ್ ಯುದ್ಧವೇ ಇಲ್ಲದ ಜಗತ್ತನ್ನು ಕಲ್ಪಿಸಿಕೊಂಡು ಮಾತಾಡಲಿಲ್ಲ. ಯುದ್ಧ ಬಂದೇ ಬಿಟ್ಟರೆ ಅದಕ್ಕೂ ಗೆರೆ ಎಳೆಯಿತು. ಅಕ್ರಮವಾಗಿ ಒಂದು ಜೀವವನ್ನು ತೆಗೆದವನು ಇಡೀ ಮನುಕುಲವನ್ನೇ ಕೊಂದಂತೆ ಎಂಬ ಕುರ್‌ಆನಿನ ಬೋಧನೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಯುದ್ಧವೊಂದರಲ್ಲಿ ಹೆಣ್ಣೊಬ್ಬಳು ಹತಳಾಗಿ ಬಿದ್ದಿರುವುದನ್ನು ಕಂಡು ಪ್ರವಾದಿವರ್ಯರು(ಸ), ಈಕೆ ಯುದ್ಧ ಮಾಡುವವಳಲ್ಲವಲ್ಲ ಎಂದು ನೊಂದು, ಹೆಂಗಸರನ್ನೂ ಕೂಲಿಯಾಳುಗಳನ್ನೂ ಕೊಲ್ಲಬಾರದೆಂದು ಸೇನಾನಾಯಕರಿಗೆ ಹೇಳಿ ಕಳುಹಿಸಿದರು. ಹಝ್ರತ್ ಅಬೂಬಕರ್(ರ) ಸೈನ್ಯವನ್ನು ಬೀಳ್ಕೊಡುವಾಗ ಮಕ್ಕಳು, ಮುದುಕರು, ಹೆಂಗಸರನ್ನು ಮುಟ್ಟಬೇಡಿ, ಹಣ್ಣಿನ ಮರ ಕಡಿಯಬೇಡಿ, ಆಹಾರಕ್ಕಲ್ಲದೆ ಆಡು ಒಂಟೆ ಕೊಯ್ಯಬೇಡಿ, ಆಶ್ರಮಗಳಲ್ಲಿ ಆರಾಧನೆಯಲ್ಲಿರುವವರನ್ನು ಅವರ ಪಾಡಿಗೆ ಬಿಡಿ ಎಂದು ತಾಕೀತು ಮಾಡಿದರು. ಯಂತ್ರ ಬದಲಾದ ಮಾತ್ರಕ್ಕೆ ಈ ಗೆರೆ ಅಳಿಸಿ ಹೋಗುವುದಿಲ್ಲ.

ಇನ್ನೊಂದು ಘಟನೆ ಈ ಕಾಲಕ್ಕೆಂದೇ ನಡೆದಂತಿದೆ. ಉಸಾಮ ಬಿನ್ ಝೈದ್(ರ) ಎಂಬ ಯುವಕ ಸಹಾಬಿ ಕಾಳಗದಲ್ಲಿ ಒಬ್ಬನ ಮೇಲೆ ಎರಗಿದಾಗ ಅವನು ಕಲಿಮಾ ಹೇಳಿದ. ಉಸಾಮ ಆದರೂ ಅವನನ್ನು ಕೊಂದರು. ಸಾವಿನ ಭಯದಿಂದ ಹೇಳಿದ್ದು ಎಂಬುದು ಅವರ ಸಮಜಾಯಿಷಿ. ಅವನ ಎದೆ ಸೀಳಿ ಒಳಗೆ ನೋಡಿದೆಯಾ ಎಂಬರ್ಥದಲ್ಲಿ ಪ್ರವಾದಿವರ್ಯರು(ಸ) ಮತ್ತೆ ಮತ್ತೆ ಕೇಳಿದರು. ಉಸಾಮರಿಗೆ ಎಷ್ಟು ದುಃಖವಾಯಿತೆಂದರೆ ತಾನು ಆ ದಿನಕ್ಕಿಂತ ಮೊದಲು ಮುಸ್ಲಿಮನೇ ಆಗಿರದಿದ್ದರೆ ಚೆನ್ನಾಗಿತ್ತು ಎನಿಸಿತು. ಒಂದು ಒನಕೆಯ ದೂರದಲ್ಲಿದ್ದವನಿಗೇ ಇನ್ನೊಬ್ಬನ ಮನಸ್ಸು ಕಾಣಲಿಲ್ಲ. ಹತ್ತು ಕಿಲೋಮೀಟರ್ ದೂರದ ಮಬ್ಬು ಪರದೆಯಲ್ಲಿ 'ಇವನು ಶತ್ರುವೇ' ಎಂದು ಎರಡು ಕ್ಷಣದಲ್ಲಿ ತೀರ್ಮಾನಿಸುವವನಿಗೆ ಕಂಡೀತೇ?

ಆದರೆ ಅದೇ ಕಣ್ಣು ಕರುಣೆ ತೋರಲೂ ಸಾಧ್ಯ. 2023ರ ಮೇ ತಿಂಗಳಲ್ಲಿ ಉಕ್ರೇನಿನ ಬಖ್ಮುತ್ ಬಳಿ ಕಂದಕದಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ರಷ್ಯನ್ ಸೈನಿಕನೊಬ್ಬ ತಲೆಯ ಮೇಲಿದ್ದ ಡ್ರೋನ್‌ನತ್ತ ನೋಡಿ, ಕೊಲ್ಲಬೇಡಿ ಎಂದು ಕೈಸನ್ನೆ ಮಾಡಿದ. ಹಾರಿಸುತ್ತಿದ್ದವರು ಅದನ್ನು ಕಂಡರು. ಬಾಂಬಿನ ಬದಲು ಒಂದು ಚೀಟಿ ಇಳಿಸಿದರು. ಡ್ರೋನಿನ ಹಿಂದೆಯೇ ನಡೆದು ಬಂದು ಅವನು ಶರಣಾದ, ಬದುಕಿದ. ಆಶ್ರಯ ಬೇಡಿದ ಶತ್ರುವಿಗೂ ಆಶ್ರಯ ಕೊಟ್ಟು ಸುರಕ್ಷಿತ ಜಾಗಕ್ಕೆ ತಲುಪಿಸಬೇಕೆಂದು ಕುರ್‌ಆನ್ ಕಲಿಸುತ್ತದೆ. ಇದಕ್ಕೆ 'ಅಮಾನ್' ಎನ್ನುತ್ತಾರೆ. ಬಾಯಿಮಾತೇ ಬೇಕೆಂದಿಲ್ಲ, ಅರ್ಥವಾಗುವ ಸನ್ನೆಯೂ ಅಮಾನ್ ಆಗುತ್ತದೆ ಎಂಬುದು ನಮ್ಮ ಫಿಕ್ಹ್ ಪಂಡಿತರ ಮಾತು. ಆ ಹುಡುಗರು ಫಿಕ್ಹ್ ಓದಿದವರಲ್ಲ. ಆದರೂ ಕಣ್ಣು ಕಂಡದ್ದನ್ನು ಹೃದಯ ಒಪ್ಪಿಕೊಂಡಿತು. ಹೊಸದುರ್ಗದ ಆ ತಾಯಿಗೆ ನಾನು ಈ ಘಟನೆಯನ್ನು ಹೇಳಿ, ಮಗನಿಗೂ ಹೇಳಲು ತಿಳಿಸಿದೆ. ಕೈ ಮುಗಿದವನು ಬದುಕಿ ಉಳಿದ ಕಥೆಯೂ ಅವನಿಗೆ ಗೊತ್ತಿರಲಿ.

ಹಾಗಾದರೆ ನಮ್ಮ ಮಕ್ಕಳು ಡ್ರೋನ್ ಮುಟ್ಟಲೇಬಾರದೇ?

ಹಾಗೆ ಹೇಳುವುದು ತಪ್ಪಾದೀತು. ಚಾಕುವಿನಿಂದ ಕೊಲೆಯೂ ಆಗುತ್ತದೆ, ತರಕಾರಿಯೂ ಹೆಚ್ಚಲಾಗುತ್ತದೆ. ಡ್ರೋನ್ ಹೊಲಕ್ಕೆ ಔಷಧಿ ಸಿಂಪಡಿಸುತ್ತದೆ, ಹಳ್ಳಿಗಳ ಮನೆ ಜಾಗ ಅಳೆಯುತ್ತದೆ, ನೆರೆಯಲ್ಲಿ ಸಿಕ್ಕಿಕೊಂಡವರನ್ನು ಹುಡುಕುತ್ತದೆ. ಹೊಳಲ್ಕೆರೆ, ಹೊಸದುರ್ಗ ಕಡೆಯ ಅಡಿಕೆ ತೋಟಗಳಲ್ಲಿ ಔಷಧಿ ಹೊಡೆಯಲು ಜನ ಸಿಗುವುದು ಎಷ್ಟು ಕಷ್ಟವೆಂದು ರೈತರನ್ನು ಕೇಳಿದರೆ ತಿಳಿಯುತ್ತದೆ. ಕೇಂದ್ರ ಸರಕಾರ 2023ರ ನವೆಂಬರ್‌ನಲ್ಲಿ ಒಪ್ಪಿದ 'ನಮೋ ಡ್ರೋನ್ ದೀದಿ' ಯೋಜನೆ ಮಹಿಳಾ ಸ್ವಸಹಾಯ ಸಂಘಗಳಿಗೇ ಮೀಸಲು. 15,000 ಸಂಘಗಳಿಗೆ ಕೃಷಿ ಡ್ರೋನ್ ಕೊಡುವ ಗುರಿ ಇಟ್ಟು, ಬೆಲೆಯಲ್ಲಿ ಶೇ. 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿವರೆಗೆ ಸಹಾಯಧನ ಗೊತ್ತುಮಾಡಲಾಗಿತ್ತು. ಸಂಘದ ಒಬ್ಬ ಸದಸ್ಯೆಗೆ 15 ದಿನಗಳ ತರಬೇತಿಯೂ ಇತ್ತು. ನಮ್ಮ ಸಂಘಗಳ ಸಹೋದರಿಯರು ಇಂತಹ ಯೋಜನೆಗಳ ಈಗಿನ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಲು ಹಿಂಜರಿಯಬಾರದು.

"ನಮ್ಮ ಹುಡುಗನ ಕೈಯಲ್ಲಿ ಡ್ರೋನ್ ಕಂಡರೆ ಯಾರಾದರೂ ಇಲ್ಲದ್ದನ್ನು ಹೇಳಿಬಿಟ್ಟರೆ?" ಎಂದು ಹೆದರುವ ತಾಯಂದಿರಿದ್ದಾರೆ. ಈ ಭಯ ಸುಳ್ಳಲ್ಲ. ಆದರೆ ಅದಕ್ಕೆ ಔಷಧಿ ಅಡಗಿಕೊಳ್ಳುವುದಲ್ಲ, ಕಾನೂನನ್ನು ತಿಳಿದು ನಡೆಯುವುದು. 2021ರ ಆಗಸ್ಟ್‌ನ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂ ಮೀರಿದ ಡ್ರೋನ್‌ಗೆ ನೋಂದಣಿ ಸಂಖ್ಯೆ ಬೇಕು. 2 ಕಿಲೋ ಒಳಗಿನದನ್ನು ಸಂಪಾದನೆಗಲ್ಲದೆ ಹಾರಿಸುವುದಾದರೆ ಪೈಲಟ್ ಪ್ರಮಾಣಪತ್ರ ಬೇಡ. ಮದುವೆ ಚಿತ್ರೀಕರಣದಂತಹ ದುಡಿಮೆಗೆ ಬೇಕು. ಅದಕ್ಕೆ ವಯಸ್ಸು 18 ತುಂಬಿರಬೇಕು, ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಮಾನ್ಯತೆ ಪಡೆದ ಶಾಲೆಯಲ್ಲಿ ತರಬೇತಿ ಪಡೆದಿರಬೇಕು. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಎಂಬುದನ್ನು ಹಸಿರು, ಹಳದಿ, ಕೆಂಪು ಬಣ್ಣಗಳ ನಕ್ಷೆಯಲ್ಲಿ ಸರಕಾರ ತೋರಿಸುತ್ತದೆ. ಹಸಿರು ವಲಯದಲ್ಲೂ 400 ಅಡಿಗಿಂತ ಮೇಲೆ ಹೋಗಬಾರದು. ನಿಯಮಗಳು ತಿದ್ದುಪಡಿಯಾಗುತ್ತಿರುತ್ತವೆ, ಕೊಳ್ಳುವ ಮೊದಲು ಒಮ್ಮೆ ನೋಡಿಕೊಳ್ಳಬೇಕು.

ನಮ್ಮ ಜಿಲ್ಲೆಯ ಮಕ್ಕಳಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ಚಳ್ಳಕೆರೆಯ ಪರೀಕ್ಷಾ ಕೇಂದ್ರದ ಸಮೀಪ ತಮಾಷೆಗೂ ಡ್ರೋನ್ ಹಾರಿಸಬಾರದು. ಚಿತ್ರದುರ್ಗದ ಕೋಟೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿಯೂ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಖರೀದಿಯ ಬಿಲ್ಲು, ನೋಂದಣಿ ಕಾಗದ, ಅನುಮತಿ ಪತ್ರ ಯಾವಾಗಲೂ ಜೊತೆಗಿರಲಿ. ಕಾಗದ ಸರಿಯಿದ್ದವನು ತಲೆಯೆತ್ತಿ ಉತ್ತರ ಕೊಡಬಲ್ಲ.

ಕ್ಯಾಮೆರಾ ಇರುವ ಡ್ರೋನ್ ಹಾರುವ ಕಣ್ಣು ಎಂಬುದನ್ನೂ ಮರೆಯಬಾರದು. ಅನುಮತಿ ಪಡೆದು ಸಲಾಮ್ ಹೇಳದೆ ಇನ್ನೊಬ್ಬರ ಮನೆ ಹೊಗಬಾರದೆಂದು ಕುರ್‌ಆನ್ ಆಜ್ಞಾಪಿಸಿದೆ. ಅನುಮತಿ ಕೇಳುವ ನಿಯಮವೇ ಕಣ್ಣಿನ ಕಾರಣಕ್ಕಾಗಿ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ಗೂಢಚಾರಿಕೆ ಮಾಡುವುದನ್ನೂ ಕುರ್‌ಆನ್ ನಿಷೇಧಿಸಿದೆ. ಬಾಗಿಲ ಸಂದಿನಿಂದ ಇಣುಕುವುದು ತಪ್ಪಾದರೆ ಆಕಾಶದಿಂದ ಇಣುಕುವುದು ಸರಿಯೇ? ಇತ್ತೀಚೆಗೆ ನಮ್ಮ ಮದುವೆಗಳಲ್ಲೂ ಡ್ರೋನ್ ಬರುತ್ತಿದೆ. ಗಂಡಸರ ಕಡೆಯ ಮೆರವಣಿಗೆ ಮುಗಿಸಿ ಅದು ಹೆಂಗಸರ ಶಾಮಿಯಾನದ ಮೇಲೂ, ಪಕ್ಕದ ಮನೆಗಳ ತಾರಸಿಯ ಮೇಲೂ ಸುತ್ತುತ್ತದೆ. ಬಟ್ಟೆ ಒಣಗಿಸುವ, ಹಪ್ಪಳ ಹಾಕುವ, ಕೂದಲು ಒಣಗಿಸಿಕೊಳ್ಳುವ ಹೆಣ್ಣುಮಕ್ಕಳಿಗೆ ತಾರಸಿಯೇ ಒಂದಿಷ್ಟು ಗಾಳಿ ಬೆಳಕು. ಅದನ್ನೂ ಕಸಿಯಬೇಕೇ? ಚಿತ್ರೀಕರಣದವರಿಗೆ ಮುಂಗಡ ಕೊಡುವಾಗಲೇ ಎಲ್ಲಿಯವರೆಗೆ ಹಾರಿಸಬೇಕೆಂದು ಮನೆಯ ಹಿರಿಯ ಹೆಂಗಸರು ಸ್ಪಷ್ಟವಾಗಿ ಹೇಳಲಿ.

ಮನೆಯಲ್ಲಿ ಮಾಡಬೇಕಾದ್ದು

ಮೊಬೈಲ್ ಕಸಿದುಕೊಂಡರೆ ಹುಡುಗ ಗೆಳೆಯನ ಮೊಬೈಲಿನಲ್ಲಿ ನೋಡುತ್ತಾನೆ. ಬೈದರೆ ಕದ್ದು ನೋಡುತ್ತಾನೆ. ಅದಕ್ಕಿಂತ ಪಕ್ಕದಲ್ಲಿ ಕುಳಿತು ಮಾತಾಡಿಸುವುದು ಲೇಸು. "ಬೇಟಾ, ಇವನು ಯಾರು? ಇವನ ಹೆಸರೇನಿರಬಹುದು? ಇವನ ಮನೆಯಲ್ಲಿ ಈಗ ಯಾರು ಕಾಯುತ್ತಿದ್ದಾರೆ?" ಎಂದು ಕೇಳಿ. ಪರದೆಯ ಮೇಲಿನ ಚುಕ್ಕೆಗೆ ಒಂದು ಹೆಸರು, ಒಂದು ಮನೆ ಸಿಕ್ಕಿದ ಕೂಡಲೇ ಅದು ಆಟವಾಗಿ ಉಳಿಯುವುದಿಲ್ಲ. ಸತ್ತವನು ನಮ್ಮವನಾದಾಗ ಅಳು, ಎದುರಿನವನಾದಾಗ ನಗು ಎಂಬ ಅಭ್ಯಾಸ ಬೀಳದಂತೆ ನೋಡಿಕೊಳ್ಳಿ. ಯಾರೇ ಕಳುಹಿಸಿದರೂ ಇಂತಹ ವಿಡಿಯೋವನ್ನು ವಾಟ್ಸಾಪಿನಲ್ಲಿ ಮುಂದಕ್ಕೆ ಕಳುಹಿಸಬಾರದು. ಅದು ಸತ್ತವನ ಮಾನವನ್ನೂ ಹಂಚಿದಂತೆ.

ಯಂತ್ರಗಳಲ್ಲಿ ಆಸಕ್ತಿ ಇರುವ ಮಗನಿಗೂ ಮಗಳಿಗೂ ವಿಜ್ಞಾನ ಓದಲು, ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಸೇರಲು ಪ್ರೋತ್ಸಾಹ ಕೊಡಿ. ಡ್ರೋನ್ ಹಾರಿಸುವ ಕೈ ಬೇಕು, ಬಿಚ್ಚಿ ಜೋಡಿಸುವ ಕೈಯೂ ಬೇಕು. ಆ ಕೈಗಳು ನಮ್ಮ ಮನೆಗಳಿಂದಲೂ ಬರಲಿ. ಆದರೆ ಕೈಗಿಂತ ಮೊದಲು ಮನಸ್ಸನ್ನು ತಯಾರು ಮಾಡುವ ಕೆಲಸ ಯಾವ ಕಾಲೇಜಿನದ್ದೂ ಅಲ್ಲ, ತಾಯಿಯದ್ದು.

ಕಣ್ಣು, ಕಿವಿ, ಹೃದಯ ಇವುಗಳಲ್ಲಿ ಪ್ರತಿಯೊಂದರ ಬಗ್ಗೆಯೂ ನಾಳೆ ವಿಚಾರಣೆಯಿದೆ ಎಂದು ನಾವು ನಂಬಿದ್ದೇವೆ. ಆ ದಿನ ಕಣ್ಣು ಸ್ವಂತದ್ದಾಗಿತ್ತೋ ಡ್ರೋನಿನ ಕ್ಯಾಮೆರಾ ಆಗಿತ್ತೋ ಎಂಬುದು ನೆಪವಾಗಲಾರದು. ನೋಡಿದವರು ಯಾರು, ನೋಡಿದ ಮೇಲೆ ಏನು ಮಾಡಿದರು ಎಂಬುದಷ್ಟೇ ಉಳಿಯುತ್ತದೆ. ನಮ್ಮ ಮಕ್ಕಳ ಕಣ್ಣುಗಳಿಗೆ ಲಜ್ಜೆಯನ್ನೂ ಹೃದಯಗಳಿಗೆ ದಯೆಯನ್ನೂ ಅಲ್ಲಾಹನು ದಯಪಾಲಿಸಲಿ, ಆಮೀನ್.